ಬಿಶಾನಿಗೆ ಬಂದಿದ್ದ ಮಾಜಿ ಶಾಸಕರು

ಸಿಂಗಪುರದ ಬಿಶಾನಿನಲ್ಲಿರುವ ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿ, "ಆಂಟಿ, ನೀವು ಕನ್ನಡಾನಾ?" ಎಂದಳು. ಅವಳನ್ನು ಚೀನೀ ಹುಡುಗಿ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಅವಳು ಮಣಿಪುರದ ಕುಕಿ ಬುಡಕಟ್ಟಿನವಳು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು.

ಕಣಿವೆಯವರಿಗೂ ಬೆಟ್ಟದ ಕುಕಿಗಳಿಗೂ ನಡೆದ ಗಲಭೆಯಲ್ಲಿ ಊರ ಮನೆ ಸುಟ್ಟುಹೋದ ಮೇಲೆ ಅವಳ ತಂದೆ ಬಂದರು. ಬೆಟ್ಟದ ಹಳ್ಳಿಯಲ್ಲಿ ಮೇಷ್ಟರಾಗಿದ್ದವರು, ಜಿಲ್ಲಾ ಕೌನ್ಸಿಲಿಗೆ ಆರಿಸಿ ಬಂದು, ವಿಧಾನಸಭೆಗೆ ಎರಡು ಸಲ ಸೋತು ಮೂರನೆಯ ಸಲ ಗೆದ್ದಿದ್ದರು. ಆಮೇಲೆ ಮತ್ತೆ ಸೋತರು. ಮಂತ್ರಿಯಾಗಿದ್ದಿರಾ ಎಂದು ನಾನು ಪೆದ್ದುಪೆದ್ದಾಗಿ ಇಂಗ್ಲಿಷಿನಲ್ಲಿ ಕೇಳಿದೆ.

"ಇಲ್ಲ. ಒಂದು ರಸ್ತೆ ಮಾಡಿಸಿದೆ," ಎಂದರು.

ಮನೆ ಸುಡಲು ಬಂದವರ ಜೀಪುಗಳು ಬೆಟ್ಟ ಹತ್ತಿದ್ದು ಅದೇ ರಸ್ತೆಯಲ್ಲಿ. ಇದನ್ನು ಮಗಳು ಆಮೇಲೆ ಹೇಳಿದಳು.

ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬ್ಲಾಕಿನ ಕೆಳಗಿನ ತೆರೆದ ಅಂಗಳದ, ಇಲ್ಲಿಯವರ ವಾಯ್ಡ್ ಡೆಕ್ಕಿನ, ಬೆಂಚಿನ ಮೇಲೆ ಕೂತಿರುತ್ತಿದ್ದರು. ಊರ ಕಡೆಯ ನಿರಾಶ್ರಿತರ ಶಿಬಿರದಿಂದ ಒಂದರ ಹಿಂದೊಂದು ಕರೆ.

"ಒಬ್ರು ಟಾರ್ಪಾಲ್ ಕೇಳ್ತಾರೆ, ಒಬ್ರು ಬಿಪಿ ಮಾತ್ರೆ," ಎಂದಳು ಮಗಳು. "ಅಪ್ಪ ಈಗ ಎಂಎಲ್ಎ ಅಲ್ಲ ಅಂದ್ರೆ ಯಾರೂ ನಂಬಲ್ಲ ಆಂಟಿ. ಅಪ್ಪಾನೂ ನಂಬಲ್ಲ."

ಸರ್ಕಾರಕ್ಕೆ ಅವರು ಕಳಿಸುವ ಅರ್ಜಿಗಳನ್ನು ನಾನು ಟೈಪ್ ಮಾಡಿಕೊಡುತ್ತಿದ್ದೆ. ಒಂದು ದಿನ ಕಾಣೆಯಾದವರ ಪಟ್ಟಿ ಹೇಳುತ್ತಿದ್ದರು. ಮೂರನೆಯ ಹೆಸರಿಗೆ ಬಂದಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಸರಿಯಾಗಿ ಬಂದಿದೆಯೇ ಎಂದು ಪರದೆಗೆ ಬಗ್ಗಿ ನೋಡಿದರು. ಮನೆತನದ ಹೆಸರು ಅವರದೇ. ಯಾರೆಂದು ಕೇಳಿದೆ.

"ನನ್ನ ತಮ್ಮ. ತಮ್ಮ ಅಂತ ಬರೆಯಬೇಡಿ. ನನ್ನ ಮನೆಯವನಿಗೋಸ್ಕರ ಅರ್ಜಿ ಹಾಕಿದ್ದೇನೆ ಅಂದುಕೊಳ್ಳುತ್ತಾರೆ. ನಾಲ್ಕನೆಯದು ಬರೆಯಿರಿ."

ಬರೆದೆ. ಯಾವ ಅರ್ಜಿಗೂ ಉತ್ತರ ಬರಲಿಲ್ಲ.

ಅವರ ವಿಸಿಟ್ ಪಾಸ್ ಮುಗಿಯುತ್ತ ಬಂತು. "ಎಕ್ಸ್‌ಟೆಂಡ್ ಮಾಡಿಸ್ತೀನಿ ಅಂದ್ರೆ ಬೇಡ ಅಂತಾರೆ. ನೀವಾದ್ರೂ ಹೇಳಿ ಆಂಟಿ," ಎಂದು ಮಗಳು ಅತ್ತಳು. ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಓಟು ಕೇಳಲು ಹೋದಾಗ ಆ ಶಿಬಿರದವರೆಲ್ಲರ ಮನೆಯಲ್ಲೂ ಊಟ ಮಾಡಿದ್ದೇನೆ. ಈಗ ಅವರಿಗೆ ಮನೆಯಿಲ್ಲ."

ಕಣಿವೆಯಲ್ಲಿರುವ ರಾಜಧಾನಿಯ ವಿಮಾನ ನಿಲ್ದಾಣಕ್ಕೆ ಅವರ ಜನ ಕಾಲಿಡುವಂತಿರಲಿಲ್ಲ. ಪಕ್ಕದ ರಾಜ್ಯ ಮಿಜೋರಾಂನಲ್ಲಿ ಇಳಿದು, ಅಲ್ಲಿಂದ ಬೆಟ್ಟದ ದಾರಿ ಹಿಡಿದು ಶಿಬಿರ ಸೇರಿದರು.

ನಾಲ್ಕು ತಿಂಗಳಿಗೆ ಅಲ್ಲಿಯೇ ಎದೆನೋವು ಬಂತು. ದೊಡ್ಡ ಆಸ್ಪತ್ರೆ ಇದ್ದದ್ದು ಕಣಿವೆಯಲ್ಲಿ, ಹೋಗುವ ಹಾಗಿರಲಿಲ್ಲ. ಮಿಜೋರಾಂ ಕಡೆಗೆ ಕರೆದೊಯ್ಯುವಾಗ ದಾರಿಯಲ್ಲೇ ಪ್ರಾಣ ಹೋಯಿತು.

ಅಂತ್ಯಕ್ರಿಯೆಯನ್ನು ಮಗಳು ನಮ್ಮ ಮನೆಯಲ್ಲಿ ಕೂತು ವಿಡಿಯೋ ಕಾಲಿನಲ್ಲಿ ನೋಡಿದಳು. ಪ್ರಾರ್ಥನೆ ಅರ್ಧವಾಗಿದ್ದಾಗ ನೆಟ್‌ವರ್ಕ್ ಹೋಯಿತು. ಮತ್ತೆ ಮತ್ತೆ ಮಾಡಿದಳು, ಸಿಗಲಿಲ್ಲ. ಎದ್ದು ಮುಖ ತೊಳೆದುಕೊಂಡಳು.

"ಇವತ್ತು ಲೀವ್ ಹಾಕಮ್ಮ," ಎಂದೆ.

"ಮನೇಲಿ ಕೂತ್ಕೊಂಡು ಏನ್ ಮಾಡ್ಲಿ ಆಂಟಿ?"

ಮಧ್ಯಾಹ್ನದ ಶಿಫ್ಟಿಗೆ ಹೊರಟಳು. ಬಸ್ ಸ್ಟಾಪಿನವರೆಗೂ ಜೊತೆಗೆ ಹೋದೆ. ಬಸ್ಸು ಬರುವ ತನಕ ಅವಳ ಬ್ಯಾಗು ಹಿಡಿದುಕೊಂಡು ನಿಂತಿದ್ದೆ.