ದಿಂಬಿನ ಕೆಳಗಿನ ಚಾಕು

ಕಳೆದ ವಾರ ತಾಳವಾಡಿ ಸಂತೆಯಲ್ಲಿ ಹಸಿಮೆಣಸಿನಕಾಯಿ ಆರಿಸುತ್ತಾ ಕೂತಿದ್ದೆ. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕುಡುಗೋಲು, ಈಳಿಗೆಮಣೆ, ಬೀಗ ಮಾರುತ್ತಿದ್ದವನೊಬ್ಬ ಮಡಚುವ ಚಾಕುಗಳಿಗೆ ಹರಳೆಣ್ಣೆ ಸವರಿ, ಒರೆಸಿ, ಸಾಲಾಗಿ ಇಡುತ್ತಿದ್ದ. ಹರಳೆಣ್ಣೆ, ಕಬ್ಬಿಣ ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಆರಿಸಿದ ಕಾಯಿ ಕೈಯಲ್ಲೇ ಉಳಿಯಿತು. ನಾನು ನೋಡುತ್ತಿರುವುದನ್ನು ಕಂಡು ಅವನು, ಕೈಗೆ ತಗೊಂಡು ನೋಡಿ ಅಮ್ಮಾ ಎಂದು ತಮಿಳಿನಲ್ಲಿ ಹೇಳಿ ಒಂದು ಚಾಕುವನ್ನು ನನ್ನತ್ತ ಚಾಚಿದ. ನಾನು ಎದ್ದು ನಡೆದೆ. ಮೆಣಸಿನಕಾಯಿಯವಳು ಹಿಂದಿನಿಂದ ಏನೋ ಕೂಗುತ್ತಿದ್ದಳು... ಚೀಲವನ್ನು ಅಲ್ಲೇ ಬಿಟ್ಟಿದ್ದೇನೆಂದು ತಿಳಿದದ್ದು ಬಸ್ಸು ಹತ್ತಿದ ಮೇಲೆ.

ಎಪ್ಪತ್ತು ದಾಟಿದ ಹೆಂಗಸು ಚಾಕು ನೋಡಿ ಸಂತೆ ಬಿಟ್ಟು ಓಡಿದಳು ಎಂದು ನಗುವವರು ನಗಲಿ. ಓಡಿದ್ದರ ಹಿಂದಿನ ವಿಷಯವನ್ನು ನಾನು ಗಂಡನಿಗೂ ಹೇಳಿಲ್ಲ, ಮಕ್ಕಳಿಗೂ ಹೇಳಿಲ್ಲ.

ಪಣಕಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತಿತ್ತು. ಆ ಮನೆಯ ಯಜಮಾನರು ನಮಗೆ ನೆಂಟರೇನಲ್ಲ. ಆದರೆ ನನ್ನ ಗಂಡನ ತಂದೆ ತೀರಿಹೋಗಿದ್ದರಿಂದ, ಬೀಜ ಯಾವಾಗ ಬಿತ್ತಬೇಕು, ಹಸು ಯಾವಾಗ ಮಾರಬೇಕು ಎಂದು ನಮ್ಮ ಮನೆಯವರು ಕೇಳುತ್ತಿದ್ದದ್ದು ಅವರನ್ನೇ. ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಸಣ್ಣ ಆಳು, ಮಾತು ಕಡಿಮೆ. ಹೆಂಡತಿ ಹತ್ತು ಮಾತು ಆಡಿದರೆ ಅವರದು ಒಂದು ಕೆಮ್ಮು.

ಅವರ ಸೊಂಟದ ಉಡುದಾರಕ್ಕೆ ಕರಿದಾರದಲ್ಲಿ ಕಟ್ಟಿದ ಒಂದು ಮಡಚುವ ಚಾಕು ಯಾವಾಗಲೂ ಇರುತ್ತಿತ್ತು. ಕೊಂಬಿನ ಹಿಡಿ, ನನ್ನ ನಡುಬೆರಳಿನಷ್ಟು ಉದ್ದದ ಅಲಗು. ಮದುವೆಯಾದ ಹೊಸತರಲ್ಲಿ ಸತ್ಯಮಂಗಲದಿಂದ ತಂದದ್ದಂತೆ. ತಂದಾಗ ಅದರಷ್ಟು ದರಿದ್ರದ ಚಾಕು ಇನ್ನೊಂದಿರಲಿಲ್ಲ ಎಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಬಿಚ್ಚಲು ಹೋದರೆ ಉಗುರು ಕಿತ್ತುಬರುತ್ತಿತ್ತು, ಮಡಚಲು ಹೋದರೆ ಬೆರಳು ಕಚ್ಚುತ್ತಿತ್ತು. ಎರಡು ಸಲ ಹಿತ್ತಲಿಗೆ ಎಸೆದು ಎರಡು ಸಲವೂ ಹುಡುಕಿ ತಂದರಂತೆ. ಆಮೇಲೆ ಅಡಿಕೆ ಹೋಳು ಮಾಡುವುದು, ಕಾಲಿನ ಮುಳ್ಳು ತೆಗೆಯುವುದು, ಮೂಗುದಾರ ಕತ್ತರಿಸುವುದು, ಕಬ್ಬು ಸಿಪ್ಪೆ ಸುಲಿಯುವುದು, ಎಲ್ಲಕ್ಕೂ ಅದೇ ಆಯಿತು. ನಾನು ನೋಡುವ ಹೊತ್ತಿಗೆ ಅದು ಅವರು ಹೇಳಿದ ಹಾಗೆ ಕೇಳುತ್ತಿತ್ತು. ಒಂದೇ ಕೈಯಲ್ಲಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡು ಬಿಚ್ಚುತ್ತಿದ್ದರು. ಮಸೆದು ಮಸೆದು ಅಲಗು ಹುಣಿಸೆಕಾಯಿಯ ತುದಿಯ ಹಾಗೆ ಸಣ್ಣಗಾಗಿತ್ತು. ಹಿಡಿಯ ಮೇಲೆ ಹೆಬ್ಬೆರಳು ಕೂರುವ ಕಡೆ ಒಂದು ತಗ್ಗು ಬಿದ್ದಿತ್ತು. "ನನ್ನ ಕಟ್ಕಂಡದ್ದು ಒಂದ್ ಲೆಕ್ಕ, ಅದ್ನ ಕಟ್ಕಂಡದ್ದೇ ಒಂದ್ ಲೆಕ್ಕ ಕಣವ್ವ," ಎಂದು ಹೆಂಡತಿ ಅಣಕಿಸಿದರೆ ಅವರು ಕೆಮ್ಮುತ್ತಿದ್ದರು.

ಅವರ ಹೆಸರು ತಿಗನಾರೆಯವರೆಗೂ ಹಬ್ಬಿದ್ದದ್ದು ಒಂದು ಕೆಲಸಕ್ಕೆ. ದನ ಹಸಿ ಅವರೆ ಹೊಲಕ್ಕೆ ನುಗ್ಗಿ ಸಿಕ್ಕಾಪಟ್ಟೆ ಮೇಯ್ದರೆ ಹೊಟ್ಟೆ ಉಬ್ಬರಿಸುತ್ತದೆ. ಗಾಳಿ ತುಂಬಿ ತುಂಬಿ ಉಸಿರು ಕಟ್ಟಿ, ಗಳಿಗೆ ಎರಡು ಗಳಿಗೆಯಲ್ಲಿ ಸಾಯುತ್ತದೆ. ಆಗ ಎಡಮಗ್ಗುಲಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಚುಚ್ಚಿ ಗಾಳಿ ಬಿಡಬೇಕು. ಮಾವ ಗೇಣು ಹಾಕಿ ಜಾಗ ನೋಡಿ, ಚಾಕುವನ್ನು ಹಿಡಿಯವರೆಗೂ ಇಳಿಸಿ, ಸ್ವಲ್ಪ ತಿರುಗಿಸಿ, ಪರಂಗಿ ಎಲೆಯ ಟೊಳ್ಳು ದಂಟನ್ನು ಆ ತೂತಿಗೆ ಸಿಕ್ಕಿಸುತ್ತಿದ್ದರು. ಬುಸ್ಸೆಂದು ಗಾಳಿ ಹೊರಡುತ್ತಿತ್ತು, ದನ ಎದ್ದು ನಿಲ್ಲುತ್ತಿತ್ತು. ಬೇರೆಯವರು ಮಾಡಲು ಹೋಗಿ ಕೆಡಿಸಿದ್ದುಂಟು. ಎಷ್ಟು ಆಳ, ಯಾವ ಓರೆ ಎಂಬುದು ಅವರ ಕೈಗೆ ಗೊತ್ತಿತ್ತೋ ಆ ಚಾಕುವಿಗೆ ಗೊತ್ತಿತ್ತೋ... ಎರಡೂ ಸೇರಿದರೆ ಮಾತ್ರ ಕೆಲಸ ಆಗುತ್ತಿತ್ತು.

ಇನ್ನು ನನ್ನ ಕಥೆ. ನನ್ನ ಮೊದಲ ಕೂಸು ಒಂಬತ್ತು ದಿನ ಬದುಕಿತು. ಎರಡನೆಯದು ಹೆಸರಿಡುವ ಮುಂಚೆಯೇ ಹೋಯಿತು. ಎರಡೂ ತವರಿನಲ್ಲಿ. ಮೂರನೆಯದಕ್ಕೆ ಬಸುರಾದಾಗ ಅತ್ತೆ ನನ್ನನ್ನು ತವರಿಗೆ ಕಳಿಸಲಿಲ್ಲ. ಊರಿನ ಕಣ್ಣುಗಳು ನನ್ನ ಹೊಟ್ಟೆಯ ಮೇಲೆ ಹೇಗೆ ಇರುತ್ತಿದ್ದವೆಂದು ಈಗ ಹೇಳಿದರೂ ಮೈ ಉರಿಯುತ್ತದೆ. ಮದುವೆ ಮುಯ್ಯಿಗಳಿಗೆ ಕರೆಯುವುದನ್ನೇ ಬಿಟ್ಟಿದ್ದರು. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ, ಅದೇ ಹೆಚ್ಚು ಸುಡುತ್ತಿತ್ತು.

ತಾಯಿಗೂ ಕೂಸಿಗೂ ಕೆಟ್ಟ ಗಾಳಿ ತಾಗದಿರಲೆಂದು ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಮೊದಲೆರಡು ಸಲ ಆಚಾರಿಯಿಂದ ಹೊಸ ಕುಡುಗೋಲು ತಂದು ಇಟ್ಟಿದ್ದರು. ಈ ಊರಿನ ಸೂಲಗಿತ್ತಿ ಮುದುಕಿ ಬೇರೆ ಮಾತು ಹೇಳಿದಳು. ಹೊಸ ಕಬ್ಬಿಣಕ್ಕೆ ಯಾರ ಗುರುತೂ ಇರುವುದಿಲ್ಲ. ಒಬ್ಬರ ಮೈಮೇಲೆ ವರ್ಷಗಟ್ಟಲೆ ಇದ್ದು, ಅವರ ಬೆವರು ಕುಡಿದ ಕಬ್ಬಿಣ ಬೇಕು. ಮೂರು ತಿಂಗಳು ದಿಂಬಿನ ಕೆಳಗಿಂದ ಕದಲಬಾರದು. ಕೊಟ್ಟವರು ಕೇಳಬಾರದು, ಇಟ್ಟವರು ತೆಗೆಯಬಾರದು. ಹೆಣ್ಣುಕೂಸು ಹುಟ್ಟಿದ ದಿನವೇ ಅತ್ತೆ ಪಕ್ಕದ ಮನೆ ಬಾಗಿಲಿಗೆ ಹೋಗಿ ನಿಂತರು. ಮಾವ ಒಂದು ಮಾತೂ ಆಡದೆ ಸೊಂಟದ ದಾರ ಬಿಚ್ಚಿದರಂತೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎಂದು ಹೊಸಲಿನ ಮೇಲೆ ಇಟ್ಟರಂತೆ. ಅತ್ತೆ ಬಗ್ಗಿ ಎತ್ತಿಕೊಂಡು ಬಂದರು. ಅವರು ದಿಂಬು ಎತ್ತಿದಾಗ ಬಂದ ವಾಸನೆಯೇ ನನಗೆ ಸಂತೆಯಲ್ಲಿ ಬಂದದ್ದು.

ಆಮೇಲೆ ಮಾವನ ಪಾಡು ನೋಡಬೇಕಿತ್ತು. ಮಾತು ಮಾತಿಗೂ ಕೈ ಸೊಂಟಕ್ಕೆ ಹೋಗುತ್ತಿತ್ತಂತೆ, ಬರಿಗೈಯಲ್ಲಿ ವಾಪಸು ಬರುತ್ತಿತ್ತಂತೆ. ಅಡಿಕೆಯನ್ನು ಹಲ್ಲಲ್ಲಿ ಕಚ್ಚಿ ಒಂದು ಹಲ್ಲು ಅಲ್ಲಾಡಿಸಿಕೊಂಡರು. ಕೊನೆಗೆ ಸಂತೆಯಿಂದ ಒಂದು ಹೊಸ ಚಾಕು ತಂದರು. ಅದು ಮೊದಲ ದಿನವೇ ಅವರ ಕೈ ಕುಯ್ದಿತು. ಗೋಡೆಯಾಚೆ ಅವರ ಹೆಂಡತಿ ನಗುವುದು ನನಗೆ ಕೇಳುತ್ತಿತ್ತು. ಕೂಸಿಗೆ ಹಾಲೂಡುತ್ತಾ ನಾನೂ ನಗುತ್ತಿದ್ದೆ. ಒಂಬತ್ತನೆಯ ದಿನ ದಾಟಿತ್ತು. ಹದಿನೈದು ದಾಟಿತ್ತು... ನಾನು ನಕ್ಕದ್ದು ಆ ಕೆಲವು ದಿನಗಳಲ್ಲಿ ಮಾತ್ರ.

ಇಪ್ಪತ್ತಾರನೆಯ ದಿನ ಕೂಸಿನ ಮೈ ಬಿಸಿಯಾಯಿತು. ಬೆಳಗ್ಗೆಯಿಂದ ಹಾಲು ಮುಟ್ಟಲಿಲ್ಲ. ಗಂಡ ಡಾಕ್ಟರನ್ನು ಕರೆತರಲು ತಾಳವಾಡಿಗೆ ಹೋದರು, ಅವರು ಬರುವುದು ತಡವಾಯಿತೆಂದು ಅತ್ತೆ ನಾಟಿ ಔಷಧಿಗೆ ಓಡಿದರು. ಮಧ್ಯಾಹ್ನ, ಮನೆಯಲ್ಲಿ ನಾನು ಮತ್ತು ಕೂಸು ಇಬ್ಬರೇ. ಅದರ ಉಸಿರನ್ನೇ ಎಣಿಸುತ್ತಾ ಕೂತಿದ್ದೆ.

ಆಗ ಗೋಡೆಯಾಚೆ ಗದ್ದಲ ಎದ್ದಿತು. ಹಿಂದಿನ ರಾತ್ರಿ ಆನೆ ಮುರಿದುಹಾಕಿದ್ದ ಬೇಲಿಯಲ್ಲಿ ಮಾವನ ಎತ್ತು ಅವರೆ ಹೊಲಕ್ಕೆ ನುಗ್ಗಿತ್ತು. ಎಡಗಡೆ ಕಟ್ಟುವ ಎತ್ತು, ಅವರೇ ಕರುವಿನಿಂದ ಸಾಕಿದ್ದು. ಅದು ಅಂಗಳದಲ್ಲಿ ಬಿದ್ದು ಮುಲುಗುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮಾವನ ಹೆಂಡತಿ ಅಳುತ್ತಿದ್ದರು.

"ಓಗಿ ಆ ಚಾಕ್ನ ಈಸ್ಕಂಡ್ ಬನ್ನಿ ಅಂದ್ರ! ಒಂದ್ ಗಳ್ಗ ಮಾತು. ತಿರ್ಗಾ ಅಲ್ಲೇ ಮಡಗ್ಬುಟ್ರಾಯ್ತು."

"ಮೆಲ್ಗ ಮಾತಾಡು," ಮಾವನ ದನಿ. "ಬಾಣಂತಿ ಕಿವಿಗ್ ಬಿದ್ದಾತು."

ಬಿದ್ದಿತ್ತು. ಒಂದೊಂದು ಅಕ್ಷರವೂ ಬಿದ್ದಿತ್ತು.

ಸ್ವಲ್ಪ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಹೆಜ್ಜೆಯ ಸದ್ದಾಯಿತು. ಬಾಣಂತಿ ಕೋಣೆಗೆ ಗಂಡಸರು ಬರುವಂತಿಲ್ಲ. ಬಾಗಿಲಿಗೆ ಕಟ್ಟಿದ್ದ ಹಳೆ ಸೀರೆಯ ಕೆಳಗೆ ಅವರ ಪಾದಗಳಷ್ಟೇ ಕಾಣುತ್ತಿದ್ದವು, ಕಣಕಾಲಿನವರೆಗೂ ಹೊಲದ ಕೆಸರು. ಓಡಿಬಂದಿದ್ದರಿಂದ ಏದುಸಿರು.

"ಕೂಸು ಎಂಗದ ಕಣವ್ವಾ?"

"ಮೈ ಸುಡ್ತಾ ಅದ ಮಾವ. ಆಲು ಕುಡಿತಿಲ್ಲ."

ನನ್ನ ಕೈ ದಿಂಬಿನ ಕೆಳಗೆ ಹೋಗಿ ಆ ಚಾಕುವನ್ನು ಹಿಡಿದುಕೊಂಡಿತ್ತು. ಹೆಬ್ಬೆರಳು ಅವರ ಹೆಬ್ಬೆರಳು ಸವೆಸಿದ ತಗ್ಗಿನಲ್ಲಿ ಕೂತಿತ್ತು. ಎತ್ತು ಮುಲುಗುತ್ತಲೇ ಇತ್ತು. ಕೇಳಬೇಡಿ, ಕೇಳಬೇಡಿ, ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಆ ಎತ್ತು ಸಾಯಲಿ, ಊರಿನ ಎತ್ತುಗಳೆಲ್ಲ ಸಾಯಲಿ, ಇದೊಂದು ಉಳಿಯಲಿ ಎಂದೂ ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬೇಡಿಕೊಂಡದ್ದು ನಿಜ.

"ಎದ್ರುಬ್ಯಾಡ. ಡಾಕ್ಟ್ರು ಬತ್ತಾರ," ಎಂದರು ಮಾವ. ಕೆಸರಿನ ಪಾದಗಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಒಂದು ಸಲ ಕೆಮ್ಮಿದರು. ಆಮೇಲೆ ಪಾದಗಳು ತಿರುಗಿದವು.

ಹೊಸ ಚಾಕುವಿನಲ್ಲೇ ಚುಚ್ಚಿದರು. ಅಲಗು ದಪ್ಪ, ಗಿಡ್ಡ. ಹೊಟ್ಟೆಯ ಒಳಪದರ ಮುಟ್ಟಲಿಲ್ಲ. ಇನ್ನೊಮ್ಮೆ ಒತ್ತಿದಾಗ ಹಿಡಿಯ ಹತ್ತಿರ ಮಡಚಿಕೊಂಡು ಅವರ ಎರಡು ಬೆರಳನ್ನು ಮೂಳೆ ಕಾಣುವಂತೆ ಕುಯ್ದಿತು. ಹೊತ್ತು ಇಳಿಯುವ ಮುಂಚೆ ಎತ್ತು ಸತ್ತಿತು. ಮಾವನ ಹೆಂಡತಿ ಅತ್ತದ್ದು ಗೋಡೆ ತೂರಿಕೊಂಡು ಬಂತು.

ಡಾಕ್ಟರು ಬಂದರು, ಸೂಜಿ ಹಾಕಿದರು. ಮೂರನೆಯ ದಿನ ಬೆಳಗ್ಗೆ ಕೂಸು ಹೋಯಿತು.

ನನ್ನ ಕೈ ದಿಂಬಿನ ಮೇಲೆಯೇ ಇತ್ತು. ಅತ್ತೆ ಕೈ ಬಿಡಿಸಿ ಚಾಕುವನ್ನು ತೆಗೆದು ಹೊಸಲಿನ ಮೇಲೆ ಇಟ್ಟರು. ಮಣ್ಣಿಗೆ ಒಯ್ಯುವ ಮುಂಚೆ ಕೂಸಿನ ಉಡುದಾರ ಕತ್ತರಿಸಬೇಕಿತ್ತು. ನನ್ನ ಗಂಡನಿಂದ ಆಗಲಿಲ್ಲ. ಮಾವ ಹೊಸಲಿನಿಂದ ಚಾಕು ಎತ್ತಿಕೊಂಡರು. ಬಲಗೈಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು, ಎಡಗೈಯಲ್ಲೇ ಬಿಚ್ಚಿದರು. ಆ ಎಳೆ ಮೈಗೆ ತಾಗದ ಹಾಗೆ ದಾರದಡಿಗೆ ತಮ್ಮ ಬೆರಳನ್ನು ತೂರಿಸಿ, ಬೆರಳಿನ ಮೇಲೆ ಅಲಗು ಇಟ್ಟು ಕತ್ತರಿಸಿದರು. ಇನ್ನು ತಾಗಿದರೆ ತಾನೇ ಏನಾಗುತ್ತಿತ್ತು... ಆದರೂ ತಾಗದ ಹಾಗೆ ಕತ್ತರಿಸಿದರು. ಅದನ್ನು ನೋಡಿ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ನಾನು ಜಗಲಿಯಲ್ಲಿ ಕೂತಿದ್ದೆ. ತಲೆ ಬಾಚಿರಲಿಲ್ಲ, ಉಂಡಿರಲಿಲ್ಲ. ಮಾವ ಬಂದು ಮೆಟ್ಟಿಲ ಮೇಲೆ ಕೂತರು. ಆ ಮನುಷ್ಯ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಆವತ್ತು ನಾ ಯಾತಕ್ ಬಂದಿದ್ದಿ ಅಂತ ನಿಂಗ್ ಗೊತ್ತಾಗ್ನಿಲ್ಲ ಕಣವ್ವ. ಒಳ್ಳೇದೇ ಆಯ್ತು. ಗೊತ್ತಾಗಿದ್ರ ನೀ ಚಾಕ್ನ ಕೊಟ್ಬುಡ್ತಿದ್ದ. ನಿನ್ ಗುಣ ನಂಗೊತ್ತಿಲ್ವಾ? ಕೊಟ್ಟಿದ್ರ, ಕೂಸು ಅದ್ರಿಂದ್ಲೇ ಓಯ್ತು ಅಂತ ಸಾಯೋಗಂಟ ಕೊರಗ್ತಿದ್ದ. ಎತ್ತು ಇನ್ನೊಂದ್ ತರ್ಬೋದು. ನೀ ಎದ್ದು ಉಣ್ಣವ್ವ."

ಎದ್ದು ಒಳಗೆ ಹೋಗಿ ಉಂಡೆ.

ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ನನಗೆ ಎರಡು ಮಕ್ಕಳಾದವು, ಎರಡೂ ಉಳಿದವು. ಮಾವನ ಆ ಎರಡು ಬೆರಳು ಮತ್ತೆ ಸರಿಯಾಗಿ ಮಡಚಲಿಲ್ಲ. ಎಡಗೈಯಲ್ಲಿ ಕಲಿತು, ಅದೇ ಹಳೆ ಚಾಕುವಿನಲ್ಲಿ ಊರಿನ ದನಗಳನ್ನು ಉಳಿಸುತ್ತಲೇ ಇದ್ದರು. ಪ್ರತಿ ಸಲವೂ ಯಾರಾದರೂ ಓಡಿಬಂದು ಅವರನ್ನು ಕೂಗಿದಾಗ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದೆವು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟೆ, ಅವರ ಜ್ವರಕ್ಕೆ ಗಂಜಿ ಕಾಸಿದೆ, ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ನಾಳೆ ಹೇಳೋಣ, ಸುಗ್ಗಿ ಮುಗಿಯಲಿ, ಎಂದುಕೊಂಡೆ. ಎಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡರು. ಹಿಂದೆಯೇ ಅವರ ಹೆಂಡತಿಯೂ ಹೋದರು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನ. ಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿದ್ದಾರೆ, ಆಚೆಯ ಮಾತು ಈಚೆಗೆ ಕೇಳುವುದಿಲ್ಲ.

ನೀವು ನನ್ನ ಗುಣ ಗೊತ್ತು ಅಂದಿರಿ ಮಾವ. ಗೊತ್ತಿರಲಿಲ್ಲ. ನನಗೆ ಎಲ್ಲಾ ಕೇಳಿಸಿತ್ತು. ನೀವು ಬಾಯಿಬಿಟ್ಟು ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ.