ಕಾಲರ್ ಅಕ್ಕ ಮತ್ತು ಮೂರನೇ ಲೈನಿನ ಭಾವ

ಅಂಗಿಯಲ್ಲಿ ಹೊಲಿಯಲು ಕಷ್ಟದ್ದು ಯಾವುದು ಎಂದು ಕೇಳಿದರೆ ಜನ ತೋಳು ಎನ್ನುತ್ತಾರೆ, ಜೇಬು ಎನ್ನುತ್ತಾರೆ. ಹಾಕಿಕೊಳ್ಳುವವರಿಗೆ ಏನು ಗೊತ್ತು. ಕಷ್ಟದ್ದು ಕಾಲರು. ಎರಡು ಮೂಲೆಯೂ ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ಸಮ ಇರಬೇಕು. ಒಂದು ಮೂಲೆ ಕೂದಲೆಳೆಯಷ್ಟು ಮೊಂಡಾದರೂ ಹಾಕಿಕೊಂಡವನ ಮುಖವೇ ಸೊಟ್ಟಗೆ ಕಾಣುತ್ತದೆ. ನಮ್ಮ ಕಾರ್ಖಾನೆಯ ಮೂರನೇ ಲೈನಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಕಾಲರು ಹೊಲಿಯುತ್ತಿರುವ ಹೆಂಗಸೊಬ್ಬರಿದ್ದಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ನಮಗೆಲ್ಲ ಅವರು ಕಾಲರ್ ಅಕ್ಕ.

ನಾನು ಅಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಲೈನಿನಲ್ಲೂ ಹೇಳುತ್ತಾರೆ. ಆ ಮಾತು ಹಾಗಿರಲಿ, ಬರೆಯಬೇಕಾದ್ದು ಅಕ್ಕನ ಬಗ್ಗೆ.

ಬೇರೆಯವರು ಕಾಲರಿನ ಮೂಲೆಯನ್ನು ಹೊರಗೆ ತಿರುವಲು ಕಡ್ಡಿ ಹಾಕಿ ತಿವಿಯುತ್ತಾರೆ. ಅಕ್ಕ ಹೊಲಿಯುವಾಗಲೇ ಮೂಲೆಯೊಳಗೆ ಒಂದು ತುಂಡು ದಾರ ಇಟ್ಟಿರುತ್ತಾರೆ. ಆಮೇಲೆ ಆ ದಾರದ ತುದಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಮೂಲೆ ಮೊಗ್ಗಿನ ತುದಿಯಂತೆ ಹೊರಗೆ ಬರುತ್ತದೆ. ಎಷ್ಟೋ ಜನ ಕಲಿಯಲು ಬಂದರು. ಅಕ್ಕ ಯಾರಿಗೂ ಇಲ್ಲ ಎನ್ನಲಿಲ್ಲ, ಯಾರಿಗೂ ಅವರಷ್ಟು ಬರಲೂ ಇಲ್ಲ.

ಎರಡು ವರ್ಷದ ಹಿಂದೆ ಪ್ರತಿ ಮಿಷಿನ್ನಿಗೂ ಅಂಗೈಯಗಲದ ಒಂದು ಪರದೆ ಬಂತು. ಅದರೊಳಗಿನ ಸಾಫ್ಟ್‌ವೇರು ಯಾರ ಕೈ ಖಾಲಿ ಇದೆ, ಯಾರಿಗೆ ಯಾವ ಬಟ್ಟೆ ಬೇಗ ಆಗುತ್ತದೆ, ಯಾವ ಸೂಜಿ ಸವೆದಿದೆ ಎಂದು ನೋಡಿಕೊಂಡು ಬಂಡಲ್ ಹಂಚುತ್ತದೆ. ಒಂದು ಬಂಡಲ್ ಎಂದರೆ ಇಪ್ಪತ್ತು ಕಾಲರು, ಮೇಲೊಂದು ಚೀಟಿ. ಹೊಲಿಯುವ ಮೊದಲು ಚೀಟಿಯನ್ನು ಪರದೆಗೆ ತೋರಿಸಬೇಕು, ಮುಗಿದ ಮೇಲೆ ಇನ್ನೊಮ್ಮೆ. ಮಾತಾಡಿಸಿದರೆ ನಮ್ಮ ಮಾತಿನಲ್ಲೇ ಉತ್ತರ ಕೊಡುತ್ತದೆ. ಹೆಂಗಸರು ಮೊದಲ ವಾರವೇ ಅದಕ್ಕೆ ಭಾವ ಎಂದು ಹೆಸರಿಟ್ಟರು. ಯಾಕೆ ಎಂದು ಕೇಳಿದ್ದಕ್ಕೆ ಅಕ್ಕನ ಪಕ್ಕದ ಮಿಷಿನ್ನಿನ ಹುಡುಗಿ, ಕೈ ಚುರುಕೆಂದು ನಾವು ಮಿಂಚು ಎಂದು ಕರೆಯುವವಳು, ಹೇಳಿದಳು: "ಕೂತಲ್ಲೇ ಕೂತು ಎಲ್ಲರಿಗೂ ಕೆಲಸ ಹೇಳ್ತದೆ, ತಾನು ಒಂದು ಕಡ್ಡೀನೂ ಎತ್ತಿಡಲ್ಲ. ನಮ್ಮನೇಲೂ ಒಬ್ಬರಿದ್ದಾರೆ, ಥೇಟ್ ಹೀಗೇ."

ಭಾವ ದಿನಾ ಬೆಳಿಗ್ಗೆ ಎಲ್ಲರನ್ನೂ ಕೇಳುತ್ತದೆ, ಇವತ್ತು ಹೇಗಿದ್ದೀರಿ ಎಂದು. ಎಲ್ಲರೂ ನೋಡದೆಯೇ 'ಚೆನ್ನಾಗಿದ್ದೇನೆ' ಒತ್ತುತ್ತಾರೆ. ಹಿಂದಿನ ದಿನ ಬೆರಳಿಗೆ ಸೂಜಿ ಚುಚ್ಚಿಸಿಕೊಂಡವಳೂ ಅದನ್ನೇ ಒತ್ತುತ್ತಾಳೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಅಂಗೈಯನ್ನೇ ತೋರಿಸದಿದ್ದರೆ ಭಾವನಿಗೆ ಹುಣ್ಣು ಗೊತ್ತಾಗುವುದು ಹೇಗೆ? ಇದು ನನಗೆ ಆಗ ಹೊಳೆಯಲಿಲ್ಲ.

ಅಕ್ಕನೂ ಚೆನ್ನಾಗಿದ್ದೇನೆ ಎಂದೇ ಒತ್ತುತ್ತಿದ್ದರು. ಆದರೆ ಅವರ ಕಣ್ಣು ಮಂಜಾಗುತ್ತಿತ್ತು. ಬಿಳಿ, ತಿಳಿ ನೀಲಿ ಆದರೆ ತೊಂದರೆ ಇಲ್ಲ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುತ್ತಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅತ್ತೆ, ಇಬ್ಬರೇ. "ಎಪ್ಪತ್ತಾರರ ಅತ್ತೆ ಸೂಜಿಗೆ ದಾರ ಪೋಣಿಸಿ ಕೊಡ್ತಾರೆ, ಐವತ್ತೆರಡರ ಸೊಸೆ ಇಸ್ಕೊಳ್ತೀನಿ" ಎಂದು ಅವರು ನಗುತ್ತಾ ಮಿಂಚುವಿಗೆ ಹೇಳಿದ್ದರಂತೆ. ನಗು ಮೇಲೆ, ಭಯ ಒಳಗೆ. ನಮ್ಮಲ್ಲಿ ಕಣ್ಣು ಮಂಜಾದವರನ್ನು, ಕೈ ನಡುಗುವವರನ್ನು ಕೊನೆಯ ಗೋಡೆಯ ಹತ್ತಿರ ದಾರ ಕತ್ತರಿಸುವ ಮೇಜಿಗೆ ಕಳಿಸುತ್ತಾರೆ. ಅಲ್ಲಿ ನಿಂತೇ ಕೆಲಸ, ಸಂಬಳ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಹೋದವರು ಮತ್ತೆ ಮಿಷಿನ್ನಿಗೆ ಬಂದದ್ದನ್ನು ಯಾರೂ ನೋಡಿಲ್ಲ.

ಮಿಂಚುವಿಗೆ ಕರುಳು ಚುರ್ ಎಂದಿತು. ಅಕ್ಕನಿಗೆ ಕಪ್ಪು ಬಂಡಲ್ ಬಂದರೆ ಮೇಜಿನ ಕೆಳಗಿಂದ ತನ್ನ ಕಡೆ ಎಳೆದುಕೊಂಡು, ತನ್ನ ಬಿಳಿ ಬಂಡಲನ್ನು ಆ ಕಡೆ ದೂಡತೊಡಗಿದಳು. ಚೀಟಿ ಮಾತ್ರ ಯಾರದೋ ಅವರ ಪರದೆಗೇ ತೋರಿಸುತ್ತಿದ್ದರು. ಸುತ್ತಲಿನ ಹೆಂಗಸರಿಗೆಲ್ಲ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಇಲ್ಲೇ ಎಡವಟ್ಟಾಯಿತು. ಮಿಂಚುವಿನ ಕೈಯ ವೇಗವೆಲ್ಲ ಅಕ್ಕನ ಲೆಕ್ಕಕ್ಕೆ ಬಿತ್ತು. ಇಡೀ ಕಾರ್ಖಾನೆಯಲ್ಲಿ ಕಪ್ಪು ಕಾಲರನ್ನು ಎಲ್ಲರಿಗಿಂತ ಬೇಗ ಹೊಲಿಯುವವರು ಕಾಲರ್ ಅಕ್ಕ ಎಂದು ಭಾವ ನಂಬಿತು. ನಂಬಿದ ಮೇಲೆ ಏನು ಮಾಡೀತು? ಇನ್ನಷ್ಟು ಕಪ್ಪು ಕಳಿಸಿತು. ಉಪಕಾರ ಮಾಡಲು ಹೋಗಿ ಉಪದ್ರವ ಎನ್ನುವುದು ಇದಕ್ಕೇ.

ನನ್ನ ತಲೆ ಕೆಟ್ಟದ್ದೂ ಇದರಿಂದಲೇ. ನನ್ನ ಫೋನಿಗೆ ಭಾವನಿಂದ ಸಂದೇಶ: "ಹದಿನಾಲ್ಕನೇ ಮಿಷಿನ್ನಿನಲ್ಲಿ ಕಪ್ಪು ಬಟ್ಟೆ ಬೇಗ ಹೋಗುತ್ತಿದೆ, ಬಿಳಿ ನಿಧಾನ. ಯಾಕೆಂದು ದಯವಿಟ್ಟು ನೋಡಿ." ಹದಿನಾಲ್ಕು ಅಕ್ಕನದು. ಬಿಚ್ಚಿ ನೋಡಿದೆ, ಏನೂ ಇಲ್ಲ. ಎರಡು ದಿನಕ್ಕೆ ಮತ್ತೆ ಅದೇ. ಮೂರನೇ ಸಲ ಸ್ಕ್ರೂಡ್ರೈವರ್ ನೆಲಕ್ಕೆ ಎಸೆದು, ಪರದೆಗೆ ಬಾಯಿಗೆ ಬಂದದ್ದು ಬೈದೆ.

"ಮಿಷಿನ್ನಿಗೆ ಬಣ್ಣ ಗೊತ್ತಾಗ್ತದೇನೋ? ನಿನ್ನ ತಲೆಗೆ ಎಣ್ಣೆ ಹಾಕ್ಬೇಕು ಮೊದ್ಲು."

ಭಾವ ಬೇಜಾರಿಲ್ಲದೆ ಹೇಳಿತು: "ಮಿಷಿನ್ ಸರಿಯಿದ್ದರೆ ನಾನು ತಿಳಿದುಕೊಂಡಿರುವುದರಲ್ಲೇ ಏನೋ ತಪ್ಪಿದೆ. ನಿಮಗೆ ಗೊತ್ತಿದ್ದರೆ ಹೇಳಿ."

ಮಿಂಚು ನೆಲ ನೋಡಿದಳು. ಅಕ್ಕ ನನ್ನ ಸ್ಕ್ರೂಡ್ರೈವರ್ ಎತ್ತಿ ಕೊಟ್ಟು, "ತಮ್ಮಾ, ಈಗ ಹೋಗು. ಆಮೇಲೆ ಹೇಳ್ತೀನಿ" ಎಂದರು. ಊಟದ ಹೊತ್ತಿಗೆ ಎಲ್ಲ ಹೇಳಿದರು. ನನ್ನ ಕೋಪ ಇಳಿಯಿತು.

ಮುಂದಿನ ಸೋಮವಾರ ದೊಡ್ಡ ಆರ್ಡರ್ ಬಂತು. ಕಾವಲುಗಾರರ ಸಮವಸ್ತ್ರ, ಅಷ್ಟೂ ಕಪ್ಪು. ಕೊಳ್ಳುವ ಕಂಪನಿಯವರು ಶುಕ್ರವಾರ ಬಂದು ಎದುರಿಗೇ ಮಾದರಿ ಹೊಲಿಸಿ ನೋಡುತ್ತಾರಂತೆ. ಮಾದರಿಯ ಕಾಲರಿಗೆ ಭಾವ ಆರಿಸಿದ್ದು ಯಾರನ್ನು? ಹದಿನಾಲ್ಕನೇ ಮಿಷಿನ್ನನ್ನು. ಹೊರಗಿನವರ ಎದುರು ಮೇಜಿನ ಕೆಳಗೆ ಬಂಡಲ್ ದೂಡಲಾಗುತ್ತದೆಯೇ? ಅಕ್ಕ ಅಂದು ಊಟದ ಡಬ್ಬಿಯನ್ನು ಬಿಚ್ಚಲೇ ಇಲ್ಲ.

ಆಳಿಗೊಂದು ಸಲಹೆ ಹುಟ್ಟಿತು. ಒಬ್ಬಳು ರಜಾ ಹಾಕಿ ಎಂದಳು. ಇನ್ನೊಬ್ಬಳು ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಳ್ಳಿ ಎಂದಳು. ನಾನು ಹೇಳಿದೆ: "ಅಕ್ಕಾ, ಶುಕ್ರವಾರ ಬೆಳಿಗ್ಗೆ ನಿಮ್ಮ ಮಿಷಿನ್ನಿನ ಒಂದು ಸ್ಕ್ರೂ ಸಡಿಲ ಮಾಡ್ತೀನಿ. ಬೈಗುಳ ನನಗೆ ಬರಲಿ, ರೂಢಿ ಇದೆ."

"ಸುಳ್ಳಿಗೆ ಸುಳ್ಳಿನ ತೇಪೆ ಹಾಕ್ತಾ ಹೋದ್ರೆ ಬಟ್ಟೆ ಎಲ್ಲಿ ಉಳೀತು, ತಮ್ಮಾ?" ಎಂದರು ಅಕ್ಕ. "ಅದಕ್ಕೆ ನಾವು ಕೊಟ್ಟಿದ್ದೇ ತಪ್ಪು ಸುದ್ದಿ. ಅದು ಪಾಪ, ಕೊಟ್ಟಿದ್ದನ್ನ ನಂಬಿ ಕೂತಿದೆ."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ, ಗೊತ್ತಲ್ಲ?" ಎಂದೆ.

"ಒದೀಲಿ. ಕತ್ತಲಲ್ಲಿ ಎಡವಿ ಬೀಳೋದಕ್ಕಿಂತ ಅದೇ ವಾಸಿ."

ಮರುದಿನ ಊಟದ ಬಿಡುವಿನಲ್ಲಿ, ಸದ್ದೆಲ್ಲ ನಿಂತಿದ್ದಾಗ, ಅಕ್ಕ ತಮ್ಮ ಮಿಷಿನ್ನಿಗೆ ಬಂದು ಕೂತರು. ನಾನು ಎಣ್ಣೆಯ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ನೋಡಪ್ಪಾ ಭಾವ" ಎಂದು ಶುರು ಮಾಡಿದರು. "ನನಗೆ ಕಪ್ಪು ಮೇಲೆ ಕಪ್ಪು ಕಾಣಲ್ಲ. ಎರಡು ತಿಂಗಳಿಂದ ನನ್ನ ಚೀಟೀಲಿ ಹೋದ ಕಪ್ಪು ಕಾಲರ್ ಒಂದೂ ನಾನು ಹೊಲಿದಿದ್ದಲ್ಲ."

"ಹೇಳಿದ್ದು ಒಳ್ಳೆಯದಾಯಿತು" ಎಂದಿತು ಭಾವ. "ಹಾಗಾದರೆ ಅವನ್ನು ಹೊಲಿದವರು ಯಾರು?"

"ಅದು ಬೇಡ. ನನ್ನದು ಮಾತ್ರ ತಿದ್ದು."

"ನಿಮ್ಮದನ್ನು ತಿದ್ದುತ್ತೇನೆ. ಅವರು ಯಾರೆಂದು ಗೊತ್ತಿಲ್ಲದಿದ್ದರೆ ಕಪ್ಪು ಬಂಡಲನ್ನು ಯಾರಿಗೆ ಕೊಡಬೇಕೆಂದು ನನಗೆ ಗೊತ್ತಾಗುವುದಿಲ್ಲ. ಹೇಳಲೇಬೇಕೆಂದಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಮಿಂಚು ಬಂದು, "ನಾನೇ ಕಣೋ ಭಾವ, ಹದಿನೈದನೇ ನಂಬರು. ಬರಕೋ" ಎಂದಳು.

ಭಾವ ಮುಂದಿನ ಪ್ರಶ್ನೆ ಕೇಳಿತು. ಅದನ್ನು ನಮ್ಮಲ್ಲಿ ಯಾರೂ, ಸೂಪರ್‌ವೈಸರ್ ಇರಲಿ ನಾನಿರಲಿ, ಯಾವತ್ತೂ ಕೇಳಿರಲಿಲ್ಲ. "ಕಪ್ಪು ಕಾಲರಿನಲ್ಲಿ ಕಣ್ಣಿಲ್ಲದೆಯೂ ನೀವು ಮಾಡಬಲ್ಲ ಕೆಲಸ ಯಾವುದು?"

ಅಕ್ಕ ಬೆರಳುಗಳನ್ನು ನೋಡಿಕೊಂಡರು. "ಮೂಲೆ ತಿರುವೋದು. ಎರಡೂ ಮೂಲೆ ಜೋಡಿಯೋ ಅಲ್ಲವೋ ಹೇಳೋದು. ಒಳಗೆ ಬಟ್ಟೆ ಒಂದು ಎಳೆ ಜಾಸ್ತಿ ಉಳಿದಿದ್ರೂ ಬೆರಳಿಗೆ ಸಿಗ್ತದೆ. ಹಾಳಾಗಿರೋದು ಕಣ್ಣು. ಬೆರಳಲ್ಲ."

"ಹಾಗಾದರೆ ಕಪ್ಪನ್ನು ಹದಿನೈದು ಹೊಲಿಯಲಿ, ತಿರುವಿ ಜೋಡಿ ನೋಡುವುದು ನೀವು. ಬಿಳಿ ಎಂದಿನಂತೆ ನಿಮಗೆ. ಇಬ್ಬರ ಕೆಲಸ ಬದಲಾದರೆ ಸೂಪರ್‌ವೈಸರ್ ಒಪ್ಪಬೇಕು, ಅವರು ಕಾರಣ ಕೇಳುತ್ತಾರೆ. ನೀವು ಹೇಳುತ್ತೀರಾ, ನಾನು ತಿಳಿಸಲಾ?"

"ನನ್ನ ಕಣ್ಣು, ನನ್ನ ಬಾಯಿ. ನಾನೇ ಹೇಳ್ತೀನಿ."

ಸೂಪರ್‌ವೈಸರ್ ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೆಟ್ಟವನಲ್ಲ, ಪುಕ್ಕಲ. ಅಕ್ಕ ನಿಂತೇ ಎಲ್ಲ ಹೇಳಿದರು. ಚೀಟಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ತಲೆ ಕೆರೆದುಕೊಂಡ.

"ಅಕ್ಕಾ, ನಿಯಮದ ಪ್ರಕಾರ ನಿಮ್ಮನ್ನ ದಾರದ ಮೇಜಿಗೆ ಕಳಿಸ್ಬೇಕು."

"ಕಳಿಸೋದಾದ್ರೆ ಶುಕ್ರವಾರ ಆದ್ಮೇಲೆ ಕಳಿಸಿ, ಸಾರ್. ಒಂದು ಮೂಲೆ ವಾಪಸ್ ಬಂದ್ರೂ ನಾನೇ ನಡಕೊಂಡು ಹೋಗ್ತೀನಿ."

ನನಗೆ ತಡೆಯಲಾಗಲಿಲ್ಲ. "ಯಾವ ನಿಯಮ ಅದು? ತೋರಿಸಿ ನೋಡೋಣ" ಎಂದು ನುಗ್ಗಿದೆ. ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದರು, ಮಗುವನ್ನು ಸರಿಸಿದ ಹಾಗೆ. ಅವನು ಪರದೆಯಲ್ಲಿ ಭಾವ ತಿದ್ದಿದ ಲೆಕ್ಕವನ್ನು ಎರಡು ಸಲ ಓದಿದ. ಅಕ್ಕನ ಬಿಳಿ ಕಾಲರು ಇಡೀ ವರ್ಷದಲ್ಲಿ ವಾಪಸ್ ಬಂದದ್ದು ನಾಲ್ಕೇ. "ಸರಿ, ಶುಕ್ರವಾರ ನೋಡೋಣ" ಎಂದ.

ಶುಕ್ರವಾರ ಕನ್ನಡಕದ ಮನುಷ್ಯನೊಬ್ಬ ಅಳತೆಪಟ್ಟಿ ಹಿಡಿದು ಬಂದ. ಮಿಂಚು ಹೊಲಿದಳು. ಅಕ್ಕ ಒಂದೊಂದನ್ನೇ ತಿರುವಿ, ದಾರ ಎಳೆದು, ಎರಡು ಮೂಲೆಯನ್ನೂ ಹೆಬ್ಬೆರಳಿನಡಿ ಒತ್ತಿ ನೋಡಿ ಮುಂದಿಟ್ಟರು. ಅವರು ಬಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. ಏಳನೆಯದನ್ನು ಮುಟ್ಟಿ, "ಇದು ಬೇಡ, ಬಲಗಡೆ ಒಂದು ಹೊಲಿಗೆ ಮುಂದೆ ಹೋಗಿದೆ" ಎಂದು ಪಕ್ಕಕ್ಕೆ ಇಟ್ಟರು. ಆ ಮನುಷ್ಯ ಅದನ್ನೇ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅಳೆದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಅಳೆದ.

"ಹೌದು, ಒಂದು ಹೊಲಿಗೆ" ಎಂದ.

ಉಳಿದ ಹತ್ತೊಂಬತ್ತರಲ್ಲಿ ಅವನಿಗೆ ಏನೂ ಸಿಗಲಿಲ್ಲ. ಹೋಗುವಾಗ ಸೂಪರ್‌ವೈಸರ್‌ಗೆ, ಈ ಆರ್ಡರ್ ಮುಗಿಯುವ ತನಕ ಮೂಲೆ ನೋಡುವವರು ಇವರೇ ಇರಬೇಕು ಎಂದು ಬರೆದುಕೊಟ್ಟು ಹೋದ.

ಸೂಪರ್‌ವೈಸರ್ ಅಕ್ಕನ ಹತ್ತಿರ ಬಂದ. "ಜಾಗ ನಿಮ್ದೇ, ಅಕ್ಕಾ. ಆದ್ರೆ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು. ಇಷ್ಟು ದಿನ ಯಾಕೆ ಹೋಗಿಲ್ಲ?"

"ಹೋದ್ರೆ ರಜಾ ಹಾಕ್ಬೇಕು. ರಜಾ ಹಾಕಿದ್ರೆ ಕಾರಣ ಹೇಳ್ಬೇಕು" ಎಂದರು ಅಕ್ಕ. ಅವನು ಅಲ್ಲೇ ರಜಾ ಅರ್ಜಿಗೆ ಸಹಿ ಹಾಕಿದ.

ಡಾಕ್ಟರು ಪೊರೆ ಎಂದರು. ಆರ್ಡರ್ ಮುಗಿದ ಮೇಲೆ ಬಲಗಣ್ಣಿನ ಆಪರೇಷನ್ ಆಯಿತು, ಇವತ್ತಿಗೆ ಮೂರು ವಾರ. ಮೊನ್ನೆ ನೋಡಲು ಹೋದಾಗ ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲೇ ಕೂತು ಜಗಳವಾಡುತ್ತಿದ್ದರು, ಕಣ್ಣಿಗೆ ಹನಿ ಹಾಕುವ ಹೊತ್ತು ಆಯಿತು, ಇನ್ನೂ ಆಗಲಿಲ್ಲ ಎಂದು. ಹದಿನಾಲ್ಕನೇ ಮಿಷಿನ್ನಿಗೆ ಭಾವ ಯಾರನ್ನೂ ಕೂರಿಸಿಲ್ಲ. ನಿನ್ನೆ ಅದರ ಬೆಲ್ಟ್ ಬದಲಿಸಿ, ಎಣ್ಣೆ ಹಾಕಿ, ಚಿಂದಿ ಬಟ್ಟೆಯ ಮೇಲೆ ಹತ್ತು ಸಾಲು ಹೊಲಿದು ನೋಡಿದೆ. ಹೊಲಿಗೆ ನೇರ ಹೋಗುತ್ತಿದೆ. ಗುರುವಾರ ಅಕ್ಕ ಕೆಲಸಕ್ಕೆ ಬರುತ್ತಾರೆ.