ಸುದ್ದಿ ಬಾರದಿದ್ದರೆ ಆನೆ ಇಲ್ಲ

ತಿತಿಮತಿಯ ಕಾಡಂಚಿನಲ್ಲಿ ಅಣ್ಣ ಮತ್ತು ನಾನು ಇಂಟರ್‌ನೆಟ್ ಹಂಚುತ್ತೇವೆ. ದೊಡ್ಡ ಕಂಪನಿಯೊಂದರಿಂದ ಒಂದು ಲಿಂಕ್ ಪಡೆದು, ಸಿಲ್ವರ್ ಓಕ್ ಮರದಿಂದ ಮರಕ್ಕೆ ಕೇಬಲ್ ಎಳೆದು ಎಸ್ಟೇಟುಗಳಿಗೂ ಮನೆಗಳಿಗೂ ಕೊಡುತ್ತೇವೆ. ಮರ ಹತ್ತುವವನು ಅಣ್ಣ. ಎಂ.ಎ. ಓದಿದವಳೆಂದು ಕಾಗದಪತ್ರ, ಕಾಯಿದೆ ನನ್ನ ಪಾಲಿಗೆ.

ಕಾಫಿ ಕುಯ್ಲಿಗೆ ಮುಂಚೆ ಆ ಕಂಪನಿಯ ಏಜೆಂಟ್ ಬಂದಿದ್ದ. "ನಮ್ಮ ಸಿನಿಮಾ ಆ್ಯಪ್ ಫಾಸ್ಟ್ ಬಿಡಿ ಮೇಡಂ, ಬೇರೆಯವರದು ಸ್ವಲ್ಪ ನಿಧಾನ ಆದ್ರೆ ಆಗ್ಲಿ. ಲಿಂಕ್ ರೇಟ್ ಇಳಿಸ್ತೀವಿ." ಕೇಬಲ್ಲಿನಲ್ಲಿ ಹೋಗುವುದನ್ನೆಲ್ಲ ಸಮನಾಗಿ ಕಾಣಬೇಕೆಂದು ನಿಯಮವಿದೆ ಎಂದು ಹೇಳಿ ಕಳಿಸಿದೆ. ಆಗಿನ ಹೆಮ್ಮೆ ಚೆನ್ನಾಗಿ ನೆನಪಿದೆ. ನನಗೆ ಅನುಕೂಲವಾದದ್ದೆಲ್ಲ ಚೆನ್ನಾಗಿಯೇ ನೆನಪಿರುತ್ತದೆ.

ಕುಯ್ಲಿನ ದಿನಗಳಲ್ಲಿ ಇಲ್ಲೊಂದು ಪದ್ಧತಿ. ಆನೆ ಯಾವ ತೋಟದಲ್ಲಿದೆ ಎಂದು ಅರಣ್ಯ ವಾಚರ್ ಬೆಳಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಮಾತಾಡಿ ಕಳಿಸುತ್ತಾನೆ. ಮೊಬೈಲ್ ಸಿಗ್ನಲ್ ಇಲ್ಲದ ಎಸ್ಟೇಟುಗಳಿಗೆ ಅದು ತಲುಪುವುದು ನಮ್ಮ ವೈಫೈಯಿಂದ. ಎಂಟರೊಳಗೆ ಸುದ್ದಿ ಬಾರದಿದ್ದರೆ ಆನೆ ಇಲ್ಲ ಎಂದೇ ಅರ್ಥ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಳುಗಳನ್ನು ತೋಟಕ್ಕೆ ಬಿಡುತ್ತಾನೆ.

ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ಶುರುವಾಯಿತು. ಅಲ್ಲಿನ ಆಟ ನಮಗೆ ಬೆಳಗಿನ ಜಾವ. ಮನೆಮನೆಯಲ್ಲೂ ವಿಡಿಯೊ ಹಾಕಿದರು, ಲಿಂಕ್ ತುಂಬಿಹೋಯಿತು. ಒಂದು ದಿನ ವಾಚರ್ ಏಳಕ್ಕೆ ಕಳಿಸಿದ ಮಾತು ರೈಟರಿಗೆ ಮುಟ್ಟಿದ್ದು ಒಂಬತ್ತಕ್ಕೆ. ಅಷ್ಟರಲ್ಲಿ ಹಣ್ಣು ಕುಯ್ಯುತ್ತಿದ್ದ ಹೆಂಗಸೊಬ್ಬಳು ಒಂಟಿ ಸಲಗವನ್ನು ಎದುರಿಗೇ ಕಂಡು, ಓಡಿ, ಚರಂಡಿಗೆ ಬಿದ್ದು ಬಲಗೈ ಮುರಿದುಕೊಂಡಿದ್ದಳು.

ಆಳುಗಳ ಲೈನ್‌ಮನೆಗೆ ಹೋಗಿ ಅವಳನ್ನು ನೋಡಿದೆ. ಕೈಗೆ ಬ್ಯಾಂಡೇಜು. "ಬನ್ನಿ ಅಕ್ಕ," ಎಂದಳು. "ನಿಮ್ಮ ನೆಟ್‌ಗಿಂತ ಆನೆ ಫಾಸ್ಟ್ ಉಂಟು." ಸುತ್ತ ಇದ್ದವರೆಲ್ಲ ನಕ್ಕರು. ಅವಳ ಕುಯ್ಲು ಆ ವರ್ಷಕ್ಕೆ ಮುಗಿದಿತ್ತು.

ಅಣ್ಣನ ಜೊತೆ ಜಗಳವಾದದ್ದು ಅವಳು ಬಿದ್ದ ಮೇಲೆ ಎಂದು ಕೆಲವು ದಿನ ನಂಬಿದ್ದೆ.

"ಬೆಳಗ್ಗೆ ಒಂದು ಗಂಟೆ ಹೊತ್ತು ವಿಡಿಯೊ ಹಿಡಿದಿಡ್ತೀನಿ ಕಣೇ. ಆನೆ ಸುದ್ದಿ ಮೊದ್ಲು ಹೋಗ್ಲಿ."

"ಆಗಲ್ಲ ಅಣ್ಣ. ಒಂದನ್ನ ಮುಂದೆ, ಒಂದನ್ನ ಹಿಂದೆ ಮಾಡೋ ಹಾಗಿಲ್ಲ. ರೂಲ್ಸು."

"ನಿನ್ನ ರೂಲ್ಸು ಆನೆಗೆ ಓದಿ ಹೇಳು ಹೋಗು."

ಡೈರಿ ತೆಗೆದು ನೋಡಿದರೆ ಈ ಮಾತು ಇರುವುದು ಅವಳು ಬೀಳುವ ಹಿಂದಿನ ದಿನದ ಪುಟದಲ್ಲಿ. ಅಂದರೆ ಅವನು ಮೊದಲೇ ಕೇಳಿದ್ದ, ನಾನು ಬೇಡವೆಂದಿದ್ದೆ.

ನಿಯಮದ ಪ್ರತಿಯನ್ನು ಮತ್ತೆ ಓದಿದೆ. ತುರ್ತು ಸಂದರ್ಭಕ್ಕೆ ವಿನಾಯಿತಿ ಉಂಟೆಂದು ಅದರಲ್ಲೇ ಇದೆ. ಕೆಳಗೆ ಪೆನ್ಸಿಲ್ ಗೆರೆಯೂ ಇದೆ, ನನ್ನದೇ. ಯಾವಾಗ ಎಳೆದದ್ದೋ ನೆನಪಿಲ್ಲ. ದಿನಾ ಬರುವ ಆನೆ ತುರ್ತೇ? ನಿಯಮ ಮಾಡಿದ ಇಲಾಖೆಗೆ ಪತ್ರ ಬರೆದು ಕೇಳಿದೆ. ತಮ್ಮ ಪತ್ರವನ್ನು ಪರಿಶೀಲಿಸಲಾಗುವುದು ಎಂಬ ಒಂದು ಸಾಲು ಬಂತು. ದೊಡ್ಡ ಕಂಪನಿಗೆ ಇಂಥದ್ದನ್ನು ಬಿಡಿಸಿ ಹೇಳಲು ವಕೀಲರ ದಂಡೇ ಇರುತ್ತದೆ. ಇಲ್ಲಿ ಕೇಳುವವಳೂ ನಾನೇ, ಉತ್ತರ ಹೇಳಬೇಕಾದವಳೂ ನಾನೇ. ಆ ನಿಯಮ ಬೇಡವೆನ್ನಲೂ ಬಾಯಿ ಬರುವುದಿಲ್ಲ. ಅದಿಲ್ಲದಿದ್ದರೆ ಆ ಏಜೆಂಟ್ ನಾಳೆಯೇ ಮತ್ತೆ ಬಾಗಿಲಿಗೆ ಬರುತ್ತಾನೆ.

ಮುಂದಿನ ಪಂದ್ಯದ ಹಿಂದಿನ ಸಂಜೆ ಅಣ್ಣನಿಗೆ ಹೇಳಿದೆ: "ಏಳರಿಂದ ಎಂಟು ವಿಡಿಯೊ ನಿಧಾನ ಮಾಡು. ಎಲ್ಲರದ್ದೂ. ಆ ಕಂಪನಿದೂ ಬಿಡಬೇಡ." ಗ್ರಾಹಕರಿಗೆಲ್ಲ ಕಾರಣ ಬರೆದು ಕಳಿಸಿದೆ. ಆನೆ ಇಲ್ಲದಿದ್ದರೂ ಇಲ್ಲ ಎಂದು ಹೇಳಬೇಕು, ಆ ಮಾತು ಬರುವ ತನಕ ಯಾರನ್ನೂ ತೋಟಕ್ಕೆ ಬಿಡಬಾರದು ಎಂದು ವಾಚರನನ್ನೂ ರೈಟರನ್ನೂ ಒಪ್ಪಿಸಿದೆ.

ಏಳು ಹೊಡೆಯುತ್ತಲೇ ಗ್ರಾಹಕರ ಬೈಗುಳದ ಫೋನು. "ಮೇಡಂ, ಔಟಾದದ್ದು ಯಾರು ಅಂತ ನೀವೇ ಹೇಳ್ಬಿಡಿ, ನಮ್ಗೆ ಕಾಣೋದಿಲ್ಲ!"

ಏಳೂ ಇಪ್ಪತ್ತಕ್ಕೆ ವಾಚರನ ಧ್ವನಿ ಬಂತು: "ಇವತ್ತು ಆನೆ ಇಲ್ಲ." ಹೊತ್ತನ್ನು ಡೈರಿಯಲ್ಲಿ ಬರೆದೆ. ವಿಡಿಯೊ ತಡೆಯಲು ಹೇಳಿದ್ದು ಅಣ್ಣನಲ್ಲ, ನಾನು ಎಂಬುದನ್ನೂ, ನೆನಪನ್ನು ನಂಬದೆ, ಕೆಳಗೆ ಬರೆದಿಟ್ಟೆ.